ವಿದ್ಯುದಂಶವೂ ಅದರ ಮಾನವೂ: ದಾವಣಗೆರೆ–ಹರಿಹರ ಪ್ರಾಂತದ ನಿದರ್ಶನಗಳೊಡನೆ ಒಂದು ವಿವೇಚನೆ

ಚರಿತ್ರೆಯ ವ್ಯಾಸಂಗಕ್ಕೆ ಮೀಸಲಾದ ಈ ವಾರ್ಷಿಕ ಸಂಚಿಕೆಯಲ್ಲಿ ಭೌತಶಾಸ್ತ್ರಕ್ಕೆ ಸೇರಿದ ವಿಷಯವೊಂದನ್ನು ಎತ್ತಿಕೊಂಡಿರುವುದು ವಾಚಕರಲ್ಲಿ ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಇಪ್ಪತ್ತನೆಯ ಶತಮಾನದ ಮೈಸೂರು ಸೀಮೆಯ ಆರ್ಥಿಕ ಚರಿತ್ರೆಯನ್ನು ಬರೆಯಹೊರಟವನು ಭೂಕಂದಾಯದ ಲೆಕ್ಕವನ್ನು ಓದಬಲ್ಲವನಾಗಿರಬೇಕಾದಂತೆಯೇ ವಿದ್ಯುತ್ತಿನ ಲೆಕ್ಕವನ್ನೂ ಓದಬಲ್ಲವನಾಗಿರಬೇಕು. 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಹೆಸರಾಗಿದ್ದ ದಾವಣಗೆರೆಯ ಹತ್ತಿ ಗಿರಣಿಗಳ ಕಥೆಯಾಗಲಿ, 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಲೇತ್ ಯಂತ್ರಗಳಿಗೆ ಪ್ರಸಿದ್ಧವಾಗಿದ್ದು ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಥೆಯಾಗಲಿ, ಯಾವುದನ್ನು ಕೈಗೆತ್ತಿಕೊಂಡರೂ ವೋಲ್ಟು, ಆಂಪಿಯರು, ಕಿಲೋವಾಟು, ಯೂನಿಟ್ಟು ಎಂಬ ಶಬ್ದಗಳು ಪುಟಪುಟಕ್ಕೂ ಎದುರಾಗುತ್ತವೆ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ "ಊರಿಗೆ ಇಷ್ಟು ಸಾವಿರ ವೋಲ್ಟು ವಿದ್ಯುತ್ತು ಸರಬರಾಜಾಯಿತು" ಎಂದೋ, "ಗಿರಣಿಯು ವರ್ಷವೊಂದಕ್ಕೆ ಇಷ್ಟು ಕಿಲೋವಾಟನ್ನು ಖರ್ಚುಮಾಡಿತು" ಎಂದೋ ಬರೆದಿರುವುದನ್ನು ಆಗಾಗ್ಗೆ ಕಾಣುತ್ತೇವೆ. ಶಾಸನವನ್ನು ಓದುವವನು "ದೇವರ ನೈವೇದ್ಯಕ್ಕೆ ಹತ್ತು ಕೋಲು ಭತ್ತ" ಎಂದು ಬರೆದರೆ ಹೇಗೋ ಇದೂ ಹಾಗೆಯೇ. ಕೋಲು ಭೂಮಿಯನ್ನು ಅಳೆಯತಕ್ಕದ್ದು, ಕೊಳಗ ಧಾನ್ಯವನ್ನು ಅಳೆಯತಕ್ಕದ್ದು. ಯಾವುದು ಯಾವುದರ ಅಳತೆ ಎಂಬುದು ತಿಳಿಯದೆ ಅಂಕಿಗಳನ್ನು ಉದ್ಧರಿಸುವುದರಿಂದ ಚರಿತ್ರೆಗೆ ಯಾವ ಪ್ರಯೋಜನವೂ ಇಲ್ಲ. ವಿದ್ಯುತ್ತಿನ ಅಳತೆಗಳಿಗೆಲ್ಲ ತಳಹದಿಯಾಗಿರುವ ವಿದ್ಯುದಂಶವೆಂದರೇನು, ಅದರ ಮಾನವಾದ ಕೂಲಂಬು ಹೇಗೆ ಹುಟ್ಟಿತು, ಅದು ಎಲ್ಲಿ ಬಳಕೆಗೆ ಬರುತ್ತದೆ ಎಂಬುದನ್ನು ನಮ್ಮ ಪ್ರಾಂತದ ಪರಿಚಿತ ವಸ್ತುಗಳ ಮೂಲಕ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಹಿಂದಿನ ಕನ್ನಡ ಪಾಠಪುಸ್ತಕಗಳಲ್ಲಿ 'ವಿದ್ಯುದಂಶ' ಎಂಬ ಶಬ್ದವಿತ್ತು; ಈಚಿನವುಗಳಲ್ಲಿ 'ವಿದ್ಯುದಾವೇಶ' ಎಂಬುದು ರೂಢಿಗೆ ಬಂದಿದೆ. ಜಾತ್ರೆಯಲ್ಲಿ ದೇವರು ಮೈಮೇಲೆ ಬಂದವನನ್ನು ಕಂಡು ನಮ್ಮ ಜನ ಆವೇಶವೆಂದು ಹೇಳುವುದರಿಂದ, ವಸ್ತುವಿನೊಳಕ್ಕೆ ಏನೋ ಬಂದು ಹೊಕ್ಕಿತು ಎಂಬ ಭಾವನೆಗೆ ಎರಡನೆಯ ಶಬ್ದ ಎಡೆಗೊಡುತ್ತದೆ. ಅದು ಅರ್ಧ ನಿಜ, ಅರ್ಧ ಸುಳ್ಳು. ವಿದ್ಯುದಂಶವು ಹೊರಗಿನಿಂದ ಬಂದು ಸೇರಿದ ಭೂತವಲ್ಲ. ಪದಾರ್ಥವೆಂಬುದೇ ಅದರಿಂದ ಆಗಿದೆ. ಒಂದು ಗ್ರಾಂ ನೀರಿನಲ್ಲಿ ಸುಮಾರು 53,600 ಕೂಲಂಬಿನಷ್ಟು ಋಣ ವಿದ್ಯುದಂಶವೂ ಅಷ್ಟೇ ಧನ ವಿದ್ಯುದಂಶವೂ ಇವೆ. ಎರಡೂ ಸಮನಾಗಿರುವುದರಿಂದ ಹೊರಕ್ಕೆ ಏನೂ ಕಾಣಿಸುವುದಿಲ್ಲ. ಅಂಶ ಎಂಬ ಹಳೆಯ ಶಬ್ದವೇ ಈ ಸಂಗತಿಗೆ ಹೆಚ್ಚು ಹತ್ತಿರವಾದುದೆಂದು ನಮಗೆ ತೋರುವುದರಿಂದ ಈ ಲೇಖನದಲ್ಲಿ ಅದನ್ನೇ ಉಳಿಸಿಕೊಂಡಿದೆ. ಇನ್ನು ಮನೆಮನೆಯಲ್ಲಿಯೂ ಕೇಳಿಬರುವ 'ಚಾರ್ಜ್' ಎಂಬ ಮಾತು ಬೇರೆಯೇ ಆಗಿದೆ. ದೂರವಾಣಿಯನ್ನು ಚಾರ್ಜಿಗೆ ಹಾಕಿದಾಗ ಅದರ ಬ್ಯಾಟರಿಯಲ್ಲಿ ವಿದ್ಯುದಂಶ ತುಂಬಿಕೊಳ್ಳುವುದಿಲ್ಲ. ಒಂದು ಧ್ರುವದಿಂದ ಹೊರಟಷ್ಟು ಅಂಶ ಇನ್ನೊಂದಕ್ಕೆ ಬಂದು ಸೇರುತ್ತದೆ. ಸಂಗ್ರಹವಾಗುವುದು ರಾಸಾಯನಿಕ ರೂಪದ ಶಕ್ತಿ.

ಉಜ್ಜಿದ ವಸ್ತುಗಳು ಹಗುರವಾದವುಗಳನ್ನು ಸೆಳೆಯುವುವೆಂಬುದು ಪ್ರಾಚೀನ ಕಾಲದಿಂದ ವಿದಿತವಾದ ಸಂಗತಿ. ಗ್ರೀಕರು ಆಂಬರಿನಲ್ಲಿ ಇದನ್ನು ಕಂಡರು. ನಮ್ಮಲ್ಲಿ ಅದಕ್ಕೆ ಹುಲ್ಲನ್ನು ಸೆಳೆಯುವ ಮಣಿ ಎಂಬರ್ಥದ 'ತೃಣಮಣಿ' ಎಂಬ ಹೆಸರೇ ಬಂದಿದೆ. ಆದರೆ ಇದನ್ನು ತಿಳಿಯಲು ಆಂಬರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ದಾವಣಗೆರೆಯು ಒಂದು ಕಾಲದಲ್ಲಿ ಬೇತೂರಿಗೆ ಸೇರಿದ ಸಾಮಾನ್ಯವಾದ ಹಳ್ಳಿಯಾಗಿದ್ದು, ಹೈದರಾಲಿಯು ಅದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ವರ್ತಕರು ಬಂದು ನೆಲಸಿ ಅಭಿವೃದ್ಧಿಗೆ ಬಂದಿತೆಂಬುದು ಗೆಜೆಟಿಯರನ್ನು ಓದಿದವರಿಗೆ ಗೊತ್ತಿದೆ. ಆ ಕಾಲದಲ್ಲಿ ಈ ಸುತ್ತಿನ ಹೆಸರಾದ ಸರಕುಗಳಲ್ಲಿ ಕಂಬಳಿಯೂ ಒಂದು. ಪುಷ್ಯ ಮಾಘಗಳ ಒಣ ಚಳಿಯಲ್ಲಿ, ದೀಪವಾರಿಸಿದ ಕೋಣೆಯೊಳಗೆ, ಹೊದ್ದ ಕಂಬಳಿಯನ್ನು ಥಟ್ಟನೆ ಎಳೆದರೆ ಚಟಚಟನೆ ಸದ್ದಾಗಿ ಸಣ್ಣ ಕಿಡಿಗಳು ಹೊಳೆಯುವುದುಂಟು. ಎರಡು ಪದಾರ್ಥಗಳು ಒಂದನ್ನೊಂದು ಮುಟ್ಟಿ ಬೇರೆಯಾದಾಗ ಒಂದರ ಎಲೆಕ್ಟ್ರಾನುಗಳಲ್ಲಿ ಕೆಲವು ಇನ್ನೊಂದಕ್ಕೆ ಹೋಗಿಬಿಡುತ್ತವೆ. ಕಳೆದುಕೊಂಡದ್ದು ಧನ, ಪಡೆದುಕೊಂಡದ್ದು ಋಣ. ಉಜ್ಜುವಿಕೆಯಿಂದ ವಿದ್ಯುದಂಶವು 'ಹುಟ್ಟಿತು' ಎಂದು ಬರೆಯುವುದು ಸರಿಯಲ್ಲ. ಅದು ಕೈಬದಲಾಯಿತು, ಅಷ್ಟೆ. ದಾವಣಗೆರೆಯ ಮಂಡಿಯ ಗುಮಾಸ್ತನು ಬರೆಯುವ ರೋಜುಪುಸ್ತಕದಲ್ಲಿ ಒಬ್ಬನ ಖಾತೆಯ ಖರ್ಚು ಇನ್ನೊಬ್ಬನ ಖಾತೆಯಲ್ಲಿ ಜಮೆಯಾಗಲೇಬೇಕಷ್ಟೆ. ಪ್ರಕೃತಿಯ ರೋಜುಪುಸ್ತಕದಲ್ಲಿಯೂ ಹಾಗೆಯೇ. ಇದಕ್ಕೆ ವಿದ್ಯುದಂಶದ ಸಂರಕ್ಷಣ ನಿಯಮವೆಂದು ಹೆಸರು. ಇದಕ್ಕೆ ವಿರುದ್ಧವಾದ ಒಂದು ನಿದರ್ಶನವೂ ಈವರೆಗೆ ದೊರೆತಿಲ್ಲ.

ಧನ, ಋಣ ಎಂಬ ಶಬ್ದಗಳು ಇಲ್ಲಿಗೆ ಬಂದ ಬಗೆ ಕುತೂಹಲಕಾರಿಯಾದುದು. ಫ್ರಾನ್ಸಿನ ದು ಫೇ ಎಂಬವನು 1733ರ ಸುಮಾರಿಗೆ ವಿದ್ಯುತ್ತು ಎರಡು ಬಗೆಯೆಂದು ತೋರಿಸಿದನು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನು 1747ರಲ್ಲಿ, ಇರುವುದು ಒಂದೇ ದ್ರವ, ಅದು ಹೆಚ್ಚಾದಲ್ಲಿ ಕೂಡುವ ಗುರುತು, ಕಡಮೆಯಾದಲ್ಲಿ ಕಳೆಯುವ ಗುರುತು ಎಂದು ಲೆಕ್ಕವಿಟ್ಟನು. ಆ ಗುರುತುಗಳನ್ನು ಕನ್ನಡಿಸುವಾಗ ನಮ್ಮವರಿಗೆ ಹೊಸ ಶಬ್ದಗಳನ್ನು ಸೃಷ್ಟಿಸಬೇಕಾಗಲಿಲ್ಲ. ಏಳನೆಯ ಶತಮಾನದ ಬ್ರಹ್ಮಗುಪ್ತನೂ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ಗಣಿತದಲ್ಲಿ ಬಳಸಿದ ಧನ ಋಣಗಳು ಸಿದ್ಧವಾಗಿಯೇ ಇದ್ದವು. ಒಂದು ತೊಡಕು ಮಾತ್ರ ಉಳಿಯಿತು. ಯಾವುದನ್ನು ಧನವೆನ್ನಬೇಕೆಂಬುದನ್ನು ಫ್ರಾಂಕ್ಲಿನನು ಊಹೆಯಿಂದ ಗೊತ್ತುಮಾಡಿದ್ದನು. 1897ರಲ್ಲಿ ಜೆ. ಜೆ. ಥಾಮ್ಸನನು ಎಲೆಕ್ಟ್ರಾನನ್ನು ಗುರುತಿಸಿದಾಗ, ತಂತಿಯಲ್ಲಿ ನಿಜವಾಗಿ ಚಲಿಸುವ ಕಣವು ಋಣದ ಕಡೆಗೆ ಸೇರಿದ್ದೆಂದು ತಿಳಿದುಬಂದಿತು. ಆ ವೇಳೆಗೆ ರೂಢಿ ಬಲವಾಗಿ ಬೇರೂರಿದ್ದುದರಿಂದ ಅದನ್ನು ಯಾರೂ ಬದಲಿಸಲಿಲ್ಲ. ಇಂದಿಗೂ ಪ್ರವಾಹದ ದಿಕ್ಕು ಧನದಿಂದ ಋಣಕ್ಕೆ ಎಂದೇ ಬರೆಯುತ್ತೇವೆ. ಎಲೆಕ್ಟ್ರಾನುಗಳು ಹೋಗುವುದು ಅದಕ್ಕೆ ಎದುರು ದಿಕ್ಕಿನಲ್ಲಿ.

ಈ ಅಂಶಗಳ ನಡುವಣ ಬಲವನ್ನು ಅಳೆದು ನಿಯಮವನ್ನು ಸ್ಥಾಪಿಸಿದವನು ಶಾರ್ಲ್ ಒಗುಸ್ತಾಂ ಕೂಲಂಬ. ಇವನು 1736ರಲ್ಲಿ ಫ್ರಾನ್ಸಿನ ಅಂಗುಲೇಮಿನಲ್ಲಿ ಹುಟ್ಟಿ, ಸೈನ್ಯದ ಇಂಜಿನಿಯರಾಗಿ ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆ ಕಟ್ಟಿಸುತ್ತ ಹಲವು ವರ್ಷ ಕಳೆದು, ಆರೋಗ್ಯ ಕೆಡಿಸಿಕೊಂಡು ಹಿಂದಿರುಗಿದವನು. 1785ರಲ್ಲಿ, ಎಂದರೆ ನಮ್ಮ ಪ್ರಾಂತವು ಟಿಪ್ಪುಸುಲ್ತಾನನ ಆಳ್ವಿಕೆಯಲ್ಲಿದ್ದಾಗ, ಅವನು ತನ್ನ ತಿರುಚು ತಕ್ಕಡಿಯ ವಿವರವನ್ನು ಪ್ಯಾರಿಸಿನ ವಿಜ್ಞಾನ ಪರಿಷತ್ತಿಗೆ ಒಪ್ಪಿಸಿದನು. ತೆಳುವಾದ ಒಂದು ತಂತಿಯಿಂದ ಹಗುರವಾದ ಅಡ್ಡಕಡ್ಡಿಯೊಂದನ್ನು ತೂಗಬಿಟ್ಟು, ಅದರ ತುದಿಯ ಗುಂಡಿಗೆ ವಿದ್ಯುದಂಶವನ್ನು ಕೊಟ್ಟು, ಅಂಥದೇ ಇನ್ನೊಂದು ಗುಂಡನ್ನು ಅದರ ಬಳಿಗೆ ತಂದಾಗ ತಂತಿ ಎಷ್ಟು ತಿರುಚಿಕೊಳ್ಳುವುದೆಂಬುದರಿಂದ ಬಲವನ್ನು ಲೆಕ್ಕ ಹಾಕಿದನು. ದೂರ ಇಮ್ಮಡಿಯಾದರೆ ಬಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಮುಮ್ಮಡಿಯಾದರೆ ಒಂಬತ್ತನೆಯ ಒಂದು ಭಾಗಕ್ಕೆ. ಎರಡು ಅಂಶಗಳ ಪ್ರಮಾಣಗಳನ್ನು ಗುಣಿಸಿದಂತೆ ಬಲವೂ ಏರುತ್ತದೆ. ಇಂಗ್ಲೆಂಡಿನ ಕ್ಯಾವೆಂಡಿಷನು ಇದಕ್ಕೆ ಹತ್ತು ವರ್ಷ ಮೊದಲೇ ಬೇರೆ ವಿಧಾನದಿಂದ ಇದನ್ನು ಕಂಡುಕೊಂಡಿದ್ದರೂ ಪ್ರಕಟಿಸದೆ ಇಟ್ಟುಕೊಂಡಿದ್ದನು. ಆ ಕಾಗದಗಳನ್ನು ಮ್ಯಾಕ್ಸ್‌ವೆಲ್ಲನು 1879ರಲ್ಲಿ ಹೊರತಂದನು.

ಕೂಲಂಬನ ಜೀವನದಲ್ಲಿ ಇನ್ನೊಂದು ಸಂಗತಿಯುಂಟು. ಚರಿತ್ರೆಯವರಿಗೆ ಅದು ಹೆಚ್ಚು ರುಚಿಸುವಂಥದು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆಯನ್ನು ಗೊತ್ತುಪಡಿಸಲು ನೇಮಿಸಿದ ಸಮಿತಿಯಲ್ಲಿ ಅವನೂ ಒಬ್ಬ ಸದಸ್ಯನಾಗಿದ್ದನು. 1793ರಲ್ಲಿ ಅಧಿಕಾರದಲ್ಲಿದ್ದವರು ಲವೋಯಿಸಿಯೆ, ಲಾಪ್ಲಾಸ್ ಮೊದಲಾದವರೊಡನೆ ಅವನನ್ನೂ ಅದರಿಂದ ತೆಗೆದುಹಾಕಿದರು. ಅಳತೆಯ ಸಮಿತಿಯಿಂದ ಹೊರದೂಡಲ್ಪಟ್ಟವನ ಹೆಸರೇ ಮುಂದೆ ಲೋಕಕ್ಕೆಲ್ಲ ಒಂದು ಅಳತೆಯಾಯಿತು.

ಆ ಹೆಸರಿಟ್ಟದ್ದು 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ. ಅದಕ್ಕೆ ಮುಂಚೆ ವಿದ್ಯುತ್ತಿನ ಅಳತೆಗಳು ನಮ್ಮ ಹಳೆಯ ಕೊಳಗಗಳಂತೆ ದೇಶಕ್ಕೊಂದು, ಪ್ರಯೋಗಶಾಲೆಗೊಂದು ಆಗಿದ್ದವು. ಹರಿಹರದ ಶಾಸನಗಳನ್ನೂ ಸುತ್ತಲಿನ ಸೀಮೆಯ ಶಾಸನಗಳನ್ನೂ ಪರಿಶೀಲಿಸಿದವರಿಗೆ ಈ ಸ್ಥಿತಿ ಅಪರಿಚಿತವಲ್ಲ. 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಸಂದ ದತ್ತಿಗಳಂತಹವುಗಳಲ್ಲಿ ಗದ್ಯಾಣ, ಪಣ, ಖಂಡುಗ, ಕೊಳಗ, ಮತ್ತರು, ಕಮ್ಮಗಳು ಎಡೆಬಿಡದೆ ಬರುತ್ತವೆ. ಆದರೆ ಒಂದು ಊರಿನ ಮತ್ತರು ಇನ್ನೊಂದು ಊರಿನ ಮತ್ತರಿಗೆ ಸಮವೆಂದು ಹೇಳಲಾಗದು. ಆದಕಾರಣವೇ ದತ್ತಿ ಬಿಟ್ಟವರು ಯಾವ ಗಳೆಯಿಂದ ಅಳೆದದ್ದೆಂಬುದನ್ನು ಹೆಸರಿಸುವ ಪದ್ಧತಿಯುಂಟು. ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ ಬರುವ 'ಭೇರುಂಡ ಗಳೆ'ಯನ್ನು ಅಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭಕ್ಕೆ ವಿದ್ವಾಂಸರು ಸಂಬಂಧಿಸಿರುವರು. ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ನಿಂತಿರುವ ವಸ್ತುವೊಂದನ್ನು ಆಧಾರವಾಗಿಟ್ಟುಕೊಂಡರೆ ವ್ಯಾಜ್ಯಕ್ಕೆ ಎಡೆಯಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ವಿದ್ಯುದಂಶಕ್ಕೆ ಗಳೆಯನ್ನು ಎಲ್ಲಿ ನೆಡುವುದು? ಅದು ಕಣ್ಣಿಗೆ ಕಾಣದು. ತಂದು ಇಟ್ಟರೆ ಕ್ಷಣದಲ್ಲಿ ಸೋರಿಹೋಗುವುದು.

ಇದಕ್ಕೆ ಬೆಳ್ಳಿಯು ಉತ್ತರ ಕೊಟ್ಟಿತು. ಬೆಳ್ಳಿಯ ಲವಣದ ದ್ರಾವಣದಲ್ಲಿ ಪ್ರವಾಹವನ್ನು ಹಾಯಿಸಿದರೆ ಹಾದುಹೋದ ವಿದ್ಯುದಂಶಕ್ಕೆ ಸರಿಯಾಗಿ ಬೆಳ್ಳಿಯು ಋಣಧ್ರುವದ ಮೇಲೆ ಕೂಡುವುದೆಂಬುದನ್ನು ಫ್ಯಾರಡೆಯು 1830ರ ದಶಕದಲ್ಲಿ ಸ್ಥಾಪಿಸಿದ ನಿಯಮ ತಿಳಿಸುತ್ತದೆ. 1893ರಲ್ಲಿ ಶಿಕಾಗೋವಿನಲ್ಲಿ ನೆರೆದ ಸಮ್ಮೇಳನವು, ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿಯನ್ನು ಕೂಡಿಸತಕ್ಕ ಪ್ರವಾಹವೇ ಒಂದು ಆಂಪಿಯರು ಎಂದು ಗೊತ್ತುಮಾಡಿತು. ಆ ಪ್ರವಾಹ ಒಂದು ಸೆಕೆಂಡಿನಲ್ಲಿ ಸಾಗಿಸುವ ವಿದ್ಯುದಂಶವೇ ಒಂದು ಕೂಲಂಬು. ಅಲ್ಲಿಂದ ಮುಂದೆ ಕೂಲಂಬನ್ನು ಅಕ್ಕಸಾಲಿಯ ತಕ್ಕಡಿಯಲ್ಲಿ ತೂಗಿ ನೋಡಬಹುದಾಯಿತು. ಇಂದಿಗೂ ಬೆಳ್ಳಿಯ ಮುಲಾಮು ಮಾಡುವ ಅಂಗಡಿಯಲ್ಲಿ ಇದೇ ಲೆಕ್ಕ ನಡೆಯುತ್ತದೆ. ತೊಟ್ಟಿಯಲ್ಲಿ ತೂಗಬಿಟ್ಟ ಆರತಿ ತಟ್ಟೆಗೆ 5 ಆಂಪಿಯರಿನಂತೆ 20 ನಿಮಿಷ ಪ್ರವಾಹವನ್ನು ಕೊಟ್ಟರೆ 6,000 ಕೂಲಂಬು ಹಾದುಹೋಗಿ, ನಷ್ಟವೇನೂ ಇಲ್ಲದಿದ್ದರೆ, 6.7 ಗ್ರಾಂ ಬೆಳ್ಳಿ ಅದರ ಮೇಲೆ ಕೂಡಿರುತ್ತದೆ. ಕೆಲಸಗಾರನು ಕೂಲಂಬಿನ ಹೆಸರನ್ನೇ ಕೇಳಿರದಿದ್ದರೂ ಅವನು ಅಳೆಯುತ್ತಿರುವುದು ಅದನ್ನೇ.

ಅಮೆರಿಕದಲ್ಲಿ ಎಡಿಸನನು 1880ರ ದಶಕದಲ್ಲಿ ಮನೆಗಳಿಗೆ ಹಾಕಿಸಿದ ಮೊದಲ ಮೀಟರುಗಳೂ ಈ ತತ್ತ್ವದವೇ ಆಗಿದ್ದವು. ಸತುವಿನ ತಗಡುಗಳನ್ನು ದ್ರಾವಣದಲ್ಲಿ ಮುಳುಗಿಸಿಟ್ಟು, ಕಾಲಕಾಲಕ್ಕೆ ಕಂಪೆನಿಯ ಆಳು ಬಂದು ಅವನ್ನು ಒಯ್ದು ತೂಗಿ, ತೂಕದ ವ್ಯತ್ಯಾಸದಿಂದ ಬಿಲ್ಲು ಬರೆಯುತ್ತಿದ್ದರು. ಅಂದಿನ ಗ್ರಾಹಕನು ಹಣ ತೆತ್ತದ್ದು ನಿಜವಾಗಿ ಕೂಲಂಬುಗಳ ಲೆಕ್ಕದಲ್ಲಿ. ನಮ್ಮ ಬಿಲ್ಲುಗಳಲ್ಲಿ ಹಾಗಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಬೆಳ್ಳಿಯ ಆಧಾರವೂ ಶಾಶ್ವತವಾಗಲಿಲ್ಲ. 1948ರಿಂದ, ಒಂದು ಮೀಟರು ಅಂತರದಲ್ಲಿ ಸಮಾನಾಂತರವಾಗಿ ಚಾಚಿದ ಎರಡು ನೀಳವಾದ ತಂತಿಗಳ ನಡುವಣ ಬಲದಿಂದ ಆಂಪಿಯರನ್ನು ನಿರ್ಣಯಿಸುವ ಪದ್ಧತಿ ಬಂದಿತು. ಹಳೆಯದಕ್ಕೂ ಹೊಸದಕ್ಕೂ ಹತ್ತು ಸಾವಿರದಲ್ಲಿ ಒಂದೂವರೆ ಪಾಲಿನಷ್ಟು ಮಾತ್ರ ವ್ಯತ್ಯಾಸ. 1960ರಲ್ಲಿ ಇದು ಅಂತರರಾಷ್ಟ್ರೀಯ ಮಾನ ಪದ್ಧತಿಯಲ್ಲಿ ಸೇರಿತು. ಭಾರತದಲ್ಲಿ 1956ರ ಶಾಸನದ ಮೇರೆಗೆ ಸೇರು ಮಣಗಳು ಹೋಗಿ ಲೀಟರು ಕಿಲೋಗ್ರಾಮುಗಳು ಪೇಟೆಗೆ ಬರುತ್ತಿದ್ದುದೂ ಅದೇ ವರ್ಷಗಳಲ್ಲಿ. ಮಾತಿನಲ್ಲಿ ಪಾವು ಸೇರುಗಳು ಇನ್ನೂ ಉಳಿದಿರುವಂತೆ, ಭೌತಶಾಸ್ತ್ರದ ಹಳೆಯ ಗ್ರಂಥಗಳಲ್ಲಿ ಸ್ಥಾಯೀ ವಿದ್ಯುನ್ಮಾನವೆಂಬ ಇನ್ನೊಂದು ಅಳತೆ ಕಾಣಸಿಗುತ್ತದೆ. ಅಂತಹ ಸುಮಾರು 300 ಕೋಟಿ ಮಾನಗಳು ಸೇರಿದರೆ ಒಂದು ಕೂಲಂಬು. ಹಳೆಯ ಪುಸ್ತಕದ ಅಂಕಿಯನ್ನು ಹೊಸ ಪುಸ್ತಕದ ಅಂಕಿಗೆ ಹೋಲಿಸುವವರು ಇದನ್ನು ಗಮನಿಸತಕ್ಕದ್ದು.

ಕೊನೆಯ ಬದಲಾವಣೆ 2019ರ ಮೇ 20ರಂದು ಜಾರಿಗೆ ಬಂದಿತು. ವಿದ್ಯುದಂಶವು ಧಾನ್ಯದಂತೆ ಕಾಳುಕಾಳಾಗಿಯೇ ಇರುವುದೆಂಬುದನ್ನು ಅಮೆರಿಕದ ಮಿಲಿಕನನು 1909ರಿಂದ ನಡೆಸಿದ ಎಣ್ಣೆಹನಿಯ ಪ್ರಯೋಗಗಳಿಂದ ತೋರಿಸಿಕೊಟ್ಟಿದ್ದನು. ಗಾಳಿಯಲ್ಲಿ ತೇಲುವ ಎಣ್ಣೆಯ ತುಂತುರೊಂದು ಪಡೆಯುವ ಅಂಶವು ಯಾವಾಗಲೂ ಒಂದು ಕನಿಷ್ಠ ಪ್ರಮಾಣದ ಒಂದರಷ್ಟು, ಎರಡರಷ್ಟು, ಮೂರರಷ್ಟು ಹೀಗೆಯೇ ಇರುತ್ತದೆ, ಒಂದೂವರೆಯಷ್ಟು ಎಂಬುದಿಲ್ಲ. ಆ ಕನಿಷ್ಠ ಕಾಳಿನ ಪ್ರಮಾಣವನ್ನೇ ಈಗ ಶಾಶ್ವತವಾಗಿ ಗೊತ್ತುಮಾಡಿದ್ದಾರೆ: 1.602176634 ಎಂಬ ಸಂಖ್ಯೆಯನ್ನು ಒಂದರ ಮುಂದೆ ಹತ್ತೊಂಬತ್ತು ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಕೂಲಂಬು. ಇದನ್ನೇ ತಿರುಗಿಸಿ ಹೇಳಿದರೆ, ಒಂದು ಕೂಲಂಬೆಂದರೆ ಸುಮಾರು ಅರವತ್ತೆರಡು ಸಾವಿರದ ನಾನೂರು ಕೋಟಿ ಕೋಟಿ ಎಲೆಕ್ಟ್ರಾನುಗಳ ಅಂಶ. ಕೊಳಗವನ್ನು ಲೋಹದ ಪಾತ್ರೆಯಿಂದ ಅಲ್ಲದೆ, ಅದರಲ್ಲಿ ಹಿಡಿಯಬೇಕಾದ ಭತ್ತದ ಕಾಳುಗಳ ಸಂಖ್ಯೆಯಿಂದಲೇ ಗೊತ್ತುಮಾಡಿದಂತೆ ಇದು. ಎಲೆಕ್ಟ್ರಾನುಗಳೆಲ್ಲ ಒಂದೇ ತೆರನಾದುವಾದ್ದರಿಂದ ಈ ಕೊಳಗ ಪ್ಯಾರಿಸಿನಲ್ಲಿಯೂ ದಾವಣಗೆರೆಯಲ್ಲಿಯೂ ಒಂದೇ.

ಈ ಮಾನವು ಬಹಳ ದೊಡ್ಡದೋ ಚಿಕ್ಕದೋ ಎಂದು ಕೇಳಿದರೆ ಎರಡು ಉತ್ತರಗಳನ್ನು ಕೊಡಬೇಕಾಗುತ್ತದೆ. ಬೇರ್ಪಡಿಸಿ ನಿಲ್ಲಿಸಿದ ಅಂಶವೆಂದು ನೋಡಿದರೆ ಅದು ಭಯಂಕರವಾದ ಪ್ರಮಾಣ. ಒಂದು ಮೀಟರು ಅಂತರದಲ್ಲಿ ಒಂದೊಂದು ಕೂಲಂಬಿನ ಎರಡು ಸಜಾತೀಯ ಅಂಶಗಳನ್ನು ಇಡಲು ಸಾಧ್ಯವಾದರೆ ಅವು ಒಂದನ್ನೊಂದು ಸುಮಾರು ಒಂಬತ್ತು ಲಕ್ಷ ಟನ್ ತೂಕದಷ್ಟು ಬಲದಿಂದ ದೂಡುತ್ತವೆ. ಒಣ ಹವೆಯಲ್ಲಿ ನಡೆದು ಬಂದವನ ಮೈಯಲ್ಲಿ ಹತ್ತು ಸಾವಿರ ವೋಲ್ಟಿನವರೆಗೆ ಒತ್ತಡ ಏರಿದರೂ ಅಲ್ಲಿರುವ ಅಂಶ ಕೂಲಂಬಿನ ಹತ್ತು ಲಕ್ಷದ ಒಂದೆರಡು ಪಾಲು ಮಾತ್ರ. ಮನೆಯ ಫ್ಯಾನಿಗೆ ಹಾಕುವ ಕಂಡೆನ್ಸರಿನಲ್ಲಿ ಹಿಡಿಯುವುದು ಸಾವಿರದ ಒಂದು ಪಾಲಿಗೂ ಕಡಮೆ. ಆದರೆ ಹರಿಯುವ ಅಂಶವೆಂದು ನೋಡಿದರೆ ಕೂಲಂಬು ಅತಿ ಸಾಮಾನ್ಯ. ತಂತಿಯೊಳಗೆ ಎಲೆಕ್ಟ್ರಾನುಗಳ ಜೊತೆಗೆ ಅವುಗಳನ್ನು ಸರಿದೂಗಿಸುವ ಧನಾಂಶವೂ ಇರುವುದರಿಂದ ದೂಡಾಟದ ಪ್ರಶ್ನೆಯೇ ಏಳುವುದಿಲ್ಲ. ಅರವತ್ತು ವಾಟಿನ ಬಲ್ಬಿನ ಮೂಲಕ ನಾಲ್ಕು ಸೆಕೆಂಡಿಗೂ ಮುಂಚೆ ಒಂದು ಕೂಲಂಬು ಹಾದುಹೋಗಿರುತ್ತದೆ.

ಇನ್ನು ವೋಲ್ಟು. ಒಂದು ಕೂಲಂಬು ಅಂಶವು ಒಂದು ಸ್ಥಾನದಿಂದ ಇನ್ನೊಂದಕ್ಕೆ ಸಾಗುವಾಗ ಒಂದು ಜೌಲಿನಷ್ಟು ಕೆಲಸ ದೊರೆತರೆ ಆ ಎರಡು ಸ್ಥಾನಗಳ ವಿಭವಾಂತರ ಒಂದು ವೋಲ್ಟು. ನೀರಿನ ಉಪಮೆಯಿಂದ ಇದು ಸುಲಭವಾಗಿ ಅರ್ಥವಾಗುತ್ತದೆ. ಭದ್ರಾ ನಾಲೆಯಲ್ಲಿ ನೀರು ಬಹಳ ಹರಿದರೂ ಇಳಿಜಾರು ಅತ್ಯಲ್ಪ. ಜೋಗದಲ್ಲಿ ಅಷ್ಟು ನೀರಿಲ್ಲದಿದ್ದರೂ ಬೀಳುವ ಆಳ ಸುಮಾರು 253 ಮೀಟರು. ನೀರಿನ ಮೊತ್ತ ಕೂಲಂಬಿಗೆ, ಸೆಕೆಂಡಿಗೆ ಇಷ್ಟು ಘನ ಅಡಿ ಎಂಬ ಹರಿವು ಆಂಪಿಯರಿಗೆ, ಬೀಳುವ ಆಳ ವೋಲ್ಟಿಗೆ ಸಮಾನ. ಹರಿವನ್ನು ಆಳದಿಂದ ಗುಣಿಸಿದಾಗ ಮಾತ್ರ ಸಾಮರ್ಥ್ಯವು, ಎಂದರೆ ವಾಟು, ದೊರೆಯುವುದು. ಆ ಸಾಮರ್ಥ್ಯ ಎಷ್ಟು ಹೊತ್ತು ನಡೆಯಿತೆಂಬುದನ್ನೂ ಸೇರಿಸಿದರೆ ಯೂನಿಟ್ಟು. ಸಾವಿರ ವಾಟು ಒಂದು ಗಂಟೆಯ ಕಾಲ ನಡೆದರೆ ಒಂದು ಯೂನಿಟ್ಟು, ಅದು 36 ಲಕ್ಷ ಜೌಲು.

ಈ ಭೇದ ತಿಳಿದಿದ್ದರೆ ನಮ್ಮ ವಿದ್ಯುತ್ತಿನ ಚರಿತ್ರೆಯ ಮೊದಲ ಅಧ್ಯಾಯವೇ ಬೇರೆ ಬೆಳಕಿನಲ್ಲಿ ಕಾಣುತ್ತದೆ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತನ್ನು ಕಳುಹಿಸಿದಾಗ ತಂತಿಯ ಒತ್ತಡವನ್ನು 35,000 ವೋಲ್ಟಿಗೆ ಏರಿಸಿದ್ದರು. ಇದು 'ಹೆಚ್ಚು ವಿದ್ಯುತ್ತು' ಕಳುಹಿಸಿದ್ದೆಂದು ಬರೆಯುವವರುಂಟು. ಉದ್ದೇಶ ಅದಕ್ಕೆ ತದ್ವಿರುದ್ಧವಾಗಿತ್ತು. ಮೂವತ್ತೈದು ಸಾವಿರ ವಾಟನ್ನು 230 ವೋಲ್ಟಿನಲ್ಲಿ ಸಾಗಿಸಬೇಕಾದರೆ, ಸರಳವಾದ ಲೆಕ್ಕದಲ್ಲಿ, ಸೆಕೆಂಡಿಗೆ 152 ಕೂಲಂಬು ಹರಿಯಬೇಕು. 35,000 ವೋಲ್ಟಿನಲ್ಲಾದರೆ ಒಂದೇ ಕೂಲಂಬು ಸಾಕು. ಹರಿವು ಕಡಮೆಯಾದಷ್ಟೂ ತಂತಿ ಬಿಸಿಯಾಗಿ ನಷ್ಟವಾಗುವುದು ಕಡಮೆ. ಎಂದರೆ ದೂರವನ್ನು ಗೆದ್ದದ್ದು ಕೂಲಂಬುಗಳನ್ನು ಉಳಿತಾಯ ಮಾಡಿದ್ದರಿಂದ. 1948ರಲ್ಲಿ ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ ಕೆಲಸ ಆರಂಭಿಸಿದ ಮೇಲೆ ಮಧ್ಯ ಕರ್ನಾಟಕದ ಕೈಗಾರಿಕೆಗೆ ದೊರೆತ ಬಲವನ್ನೂ ಹೀಗೆಯೇ ಓದಬೇಕು.

ಬಿಲ್ಲಿನಲ್ಲಿರುವ ಯೂನಿಟ್ಟೂ ಶಕ್ತಿಯ ಅಳತೆಯೇ ಹೊರತು ವಿದ್ಯುದಂಶದ್ದಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಲೆಕ್ಕಕ್ಕೆ ಬರುವ 200 ಯೂನಿಟ್ಟುಗಳೂ ಅಂಥವೇ. ವಿದ್ಯುದಂಶವನ್ನು ಯಾರೂ ಖರ್ಚುಮಾಡುವುದಿಲ್ಲ. ಬಂದಷ್ಟೂ ಹಿಂದಕ್ಕೆ ಹೋಗುತ್ತದೆ. ಮನೆಯ ತಂತಿಯಲ್ಲಿ ಪ್ರವಾಹವು ಸೆಕೆಂಡಿಗೆ ಐವತ್ತು ಆವೃತ್ತಿಯಂತೆ ದಿಕ್ಕು ಬದಲಿಸುವುದರಿಂದ ಎಲೆಕ್ಟ್ರಾನುಗಳು ಇದ್ದಲ್ಲಿಯೇ ಓಲಾಡುತ್ತಿರುತ್ತವೆ. ಒಂದೇ ದಿಕ್ಕಿನ ಪ್ರವಾಹವಾದರೂ ಅವುಗಳ ನಡಿಗೆ ಬಲು ನಿಧಾನ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರು ಹರಿಯುವಾಗ ಎಲೆಕ್ಟ್ರಾನು ಗಂಟೆಗೆ ಸುಮಾರು 26 ಸೆಂಟಿಮೀಟರು ಸಾಗುತ್ತದೆ. ಅಂತಹ ಎಲೆಕ್ಟ್ರಾನು ದಾವಣಗೆರೆಯಿಂದ ಹೊರಟು ಸುಮಾರು 14 ಕಿಲೋಮೀಟರು ದೂರದ ಹರಿಹರವನ್ನು ಮುಟ್ಟಲು ಆರು ವರ್ಷ ಬೇಕು. ಗುಂಡಿ ಒತ್ತಿದೊಡನೆ ದೀಪ ಹತ್ತುವುದು ಎಲೆಕ್ಟ್ರಾನು ಓಡಿಬಂದದ್ದರಿಂದಲ್ಲ. ತಂತಿಯುದ್ದಕ್ಕೂ ಮೊದಲೇ ತುಂಬಿರುವ ಎಲೆಕ್ಟ್ರಾನುಗಳನ್ನು ವಿದ್ಯುತ್ ಕ್ಷೇತ್ರವು ಬಹುಮಟ್ಟಿಗೆ ಬೆಳಕಿನ ವೇಗದಿಂದ ಒಟ್ಟಿಗೆ ಕದಲಿಸುವುದರಿಂದ.

ನಿಂತ ವಿದ್ಯುತ್ತಿನ ಉಪದ್ರವವನ್ನು ದಾವಣಗೆರೆಯ ಗಿರಣಿ ಕಾರ್ಮಿಕರು ಪುಸ್ತಕದ ನೆರವಿಲ್ಲದೆ ಅರಿತಿದ್ದರು. ಬೇಸಗೆಯ ಒಣ ಗಾಳಿಯಲ್ಲಿ ಹತ್ತಿಯ ಎಳೆಗಳು ಉರುಳೆಗಳಿಗೆ ತಗುಲಿ ಬಿಡಿಸಿಕೊಳ್ಳುವಾಗ ಅಂಶವನ್ನು ಪಡೆದು, ಒಂದನ್ನೊಂದು ದೂಡಿ ಕೆದರುತ್ತವೆ, ಉರುಳೆಗೆ ಸುತ್ತಿಕೊಳ್ಳುತ್ತವೆ, ನೂಲು ಹರಿಯುತ್ತದೆ. ಗಿರಣಿಯೊಳಗೆ ನೀರಿನ ತುಂತುರನ್ನು ಬಿಟ್ಟು ಹವೆಯನ್ನು ತೇವವಾಗಿಡುತ್ತಿದ್ದುದಕ್ಕೆ ಎಳೆಯ ಗಟ್ಟಿತನವನ್ನು ಕಾಪಾಡುವುದರ ಜೊತೆಗೆ ಇದೂ ಕಾರಣ. ತೇವವನ್ನು ಹೀರಿದ ಎಳೆಯ ಮೇಲಿಂದ ಅಂಶವು ಸೋರಿಹೋಗುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ನೂರಕ್ಕೆ ಎಂಟೂವರೆಯಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ತಯಾರಾಗುವ ವಿಸ್ಕೋಸ್ ನಾರು ನೂರಕ್ಕೆ ಹದಿಮೂರರವರೆಗೆ ಹಿಡಿಯುವುದು. ಪಾಲಿಯೆಸ್ಟರು ಅರ್ಧಕ್ಕೂ ಕಡಮೆ. ಪಾಲಿಯೆಸ್ಟರ್ ಸೀರೆ ಮೈಗೆ ಅಂಟಿಕೊಂಡು ಚಟಗುಟ್ಟುವುದೇತಕ್ಕೆ, ಹತ್ತಿಯ ಸೀರೆ ಸುಮ್ಮನಿರುವುದೇತಕ್ಕೆ ಎಂಬುದಕ್ಕೆ ಇಷ್ಟೇ ಉತ್ತರ. ಆ ಗಿರಣಿಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಅಲ್ಲಿ ದುಡಿದ ಹಿರಿಯರು ಉಳಿದಿರುವಾಗಲೇ ಅವರ ಕೆಲಸದ ಅನುಭವವನ್ನು ಬರೆದಿಟ್ಟುಕೊಳ್ಳುವುದು ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಒಳ್ಳೆಯ ಸಂಶೋಧನೆ.

ಕೊನೆಯದಾಗಿ ಸಿಡಿಲು. ಇದರಲ್ಲಿ ತಿಳಿವಳಿಕೆಯ ಕೊರತೆಗೆ ಪ್ರಾಣವೇ ಬೆಲೆಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ, ಎಂದರೆ ಏಪ್ರಿಲ್ ಮೇ ತಿಂಗಳುಗಳ ಸಂಜೆಗಳಲ್ಲಿ, ಹೊಲದಲ್ಲಿರುವ ರೈತರೂ ಕುರಿ ಕಾಯುವವರೂ ಸಿಡಿಲಿಗೆ ಸಿಕ್ಕಿ ಸಾಯುವ ಸುದ್ದಿ ಪ್ರತಿವರ್ಷವೂ ಬರುತ್ತದೆ. ಮೋಡದೊಳಗೆ ಮಂಜಿನ ಹರಳುಗಳೂ ಮೆತ್ತನೆಯ ಆಲಿಕಲ್ಲುಗಳೂ ಒಂದಕ್ಕೊಂದು ಬಡಿದು ಬೇರೆಯಾಗುವಾಗ, ಕಂಬಳಿಯಲ್ಲಿ ಆದಂತೆಯೇ, ಅಂಶವು ಕೈಬದಲಾಗಿ ಹಗುರವಾದ ಹರಳುಗಳು ಧನಾಂಶದೊಡನೆ ಮೇಲಕ್ಕೂ ಭಾರವಾದವು ಋಣಾಂಶದೊಡನೆ ಕೆಳಕ್ಕೂ ಹೋಗುತ್ತವೆ. ನೆಲಕ್ಕೆ ಬಡಿಯುವ ಒಂದು ಸಾಧಾರಣ ಸಿಡಿಲು ಹೊತ್ತು ತರುವ ಅಂಶ ಹದಿನೈದು ಇಪ್ಪತ್ತು ಕೂಲಂಬು ಮಾತ್ರ. ಮೇಲೆ ಹೇಳಿದ ಬೆಳ್ಳಿಯ ತೊಟ್ಟಿಯಲ್ಲಿ ಅದನ್ನು ಹಾಯಿಸಿದರೆ 22 ಮಿಲಿಗ್ರಾಮಿಗಿಂತ ಹೆಚ್ಚು ಬೆಳ್ಳಿ ಕೂಡದು. ಜೇಬಿನ ದೂರವಾಣಿಯ 5,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಒಮ್ಮೆ ತುಂಬಿ ಖಾಲಿಯಾಗುವಾಗ 18,000 ಕೂಲಂಬುಗಳನ್ನು, ಎಂದರೆ ಅಂತಹ ಒಂಬೈನೂರು ಸಿಡಿಲುಗಳಷ್ಟನ್ನು, ಸಾಗಿಸಿರುತ್ತದೆ. ವ್ಯತ್ಯಾಸವಿರುವುದು ಎರಡರಲ್ಲಿ. ದೂರವಾಣಿಯಲ್ಲಿ ಆ ಅಂಶ ನಾಲ್ಕು ವೋಲ್ಟಿಗೂ ಕಡಮೆ ಒತ್ತಡದಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಹರಿಯುತ್ತದೆ; ಸಿಡಿಲಿನಲ್ಲಿ ಕೆಲವು ಕೋಟಿ ವೋಲ್ಟಿನ ಒತ್ತಡದಲ್ಲಿ ಕ್ಷಣಾರ್ಧದೊಳಗೆ ಇಳಿಯುತ್ತದೆ, ಹೊಡೆತದ ತುದಿಯಲ್ಲಿ ಪ್ರವಾಹ ಮೂವತ್ತು ಸಾವಿರ ಆಂಪಿಯರಿನವರೆಗೆ ಏರುತ್ತದೆ. ಐದು ಕೋಟಿ ವೋಲ್ಟೆಂದು ಇಟ್ಟುಕೊಂಡರೆ ಇಪ್ಪತ್ತು ಕೂಲಂಬಿನ ಶಕ್ತಿ ಸುಮಾರು 278 ಯೂನಿಟ್ಟು. ಒಂದು ಮನೆಯು ಎರಡು ಮೂರು ತಿಂಗಳು ಉಪಯೋಗಿಸಬಹುದಾದ ಶಕ್ತಿಯು ಕಣ್ಣುಮುಚ್ಚಿ ತೆರೆಯುವುದರೊಳಗೆ ಬಿಡುಗಡೆಯಾಗುತ್ತದೆ.

ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುವ ರೂಢಿ ನಮ್ಮಲ್ಲಿದೆ. ಅದರಿಂದ ಧೈರ್ಯ ಬರುವುದಾದರೆ ಬೇಡವೆನ್ನಬೇಕಾಗಿಲ್ಲ. ಆದರೆ ಮಳೆಗೆ ನೆನೆಯಬಾರದೆಂದು ಮರದಡಿಗೆ ಹೋಗಿ ನಿಲ್ಲುವ ರೂಢಿಯನ್ನು ಮಾತ್ರ ಬಿಡಲೇಬೇಕು. ಬಯಲಿನಲ್ಲಿ ಎತ್ತರವಾಗಿರುವ ಒಂಟಿ ಮರಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು. ಬಡಿದ ಮೇಲೆ ಕಾಂಡಕ್ಕಿಂತ ಮನುಷ್ಯನ ಮೈ ಪ್ರವಾಹಕ್ಕೆ ಸುಲಭವಾದ ದಾರಿಯಾದ್ದರಿಂದ ಅದು ಪಕ್ಕಕ್ಕೆ ಹಾರುತ್ತದೆ. ಮರವನ್ನು ಮುಟ್ಟದೆ ದೂರ ನಿಂತವನೂ ಸುರಕ್ಷಿತನಲ್ಲ. ನೆಲಕ್ಕಿಳಿದ ಅಂಶವು ಸುತ್ತಲೂ ಹರಡುವಾಗ ಒಂದೊಂದು ಹೆಜ್ಜೆಯ ಅಂತರಕ್ಕೂ ನೂರಾರು, ಸಾವಿರಾರು ವೋಲ್ಟಿನ ವ್ಯತ್ಯಾಸವಿರುತ್ತದೆ. ಎರಡು ಕಾಲುಗಳು ಅಗಲವಾಗಿದ್ದಷ್ಟೂ ಆ ವ್ಯತ್ಯಾಸ ಹೆಚ್ಚಾಗಿ ಪ್ರವಾಹವು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಎತ್ತು, ಎಮ್ಮೆ, ಕುರಿಗಳಲ್ಲಿ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು, ಆ ದಾರಿಯಲ್ಲಿಯೇ ಹೃದಯವೂ ಇದೆ. ಆದುದರಿಂದಲೇ ಒಂದೇ ಸಿಡಿಲಿಗೆ ಇಡೀ ಕುರಿಮಂದೆ ಸತ್ತು, ಕಾಯುವವನು ಬದುಕಿ ಉಳಿದಿರುವ ಪ್ರಸಂಗಗಳುಂಟು. ಮೊದಲ ಗುಡುಗು ಕೇಳಿದೊಡನೆ ಪಕ್ಕಾ ಕಟ್ಟಡದೊಳಕ್ಕೋ ಮುಚ್ಚಿದ ಮೋಟಾರು ವಾಹನದೊಳಕ್ಕೋ ಸೇರಬೇಕು. ಅದು ಸಾಧ್ಯವಿಲ್ಲದಿದ್ದಲ್ಲಿ ಮರ, ತಂತಿಬೇಲಿ, ಪಂಪುಸೆಟ್ಟುಗಳಿಂದ ದೂರ ಸರಿದು, ಎರಡು ಪಾದಗಳನ್ನೂ ಜೋಡಿಸಿ, ನೆಲದ ಮೇಲೆ ಮಲಗದೆ, ತಲೆ ತಗ್ಗಿಸಿ ಕುಕ್ಕುರುಗಾಲಿನಲ್ಲಿ ಕೂರಬೇಕು. ಸಿಡಿಲು ತಗುಲಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುತ್ತದೆಂದು ಹೆದರಿ ಮುಟ್ಟದೆ ಬಿಡುವವರಿದ್ದಾರೆ. ಬಂದ ಅಂಶವೆಲ್ಲ ಆ ಕ್ಷಣದಲ್ಲಿಯೇ ಭೂಮಿಗೆ ಇಳಿದುಹೋಗಿರುತ್ತದೆ. ಅವನನ್ನು ನಿಶ್ಶಂಕೆಯಿಂದ ಮುಟ್ಟಬಹುದು, ಉಸಿರು ನಿಂತಿದ್ದರೆ ಕೂಡಲೇ ಎದೆಯನ್ನೊತ್ತಿ ಉಸಿರು ಕೊಡಬೇಕು.